ಕಾಗದದ ಕಂಠ

ಈಗ ನಿಮ್ಮ ಕಿವಿಗೆ ಬೀಳುತ್ತಿರುವ ಮಾತು ನನ್ನದು. ಆದರೆ ನಿಮ್ಮ ಕೋಣೆಯಲ್ಲಿ ಅದನ್ನು ಉಚ್ಚರಿಸುತ್ತಿರುವುದು ನನ್ನ ನಾಲಗೆಯಲ್ಲ. ರೇಡಿಯೋ ಪೆಟ್ಟಿಗೆಯ ಮುಂಬದಿಯ ಬಟ್ಟೆಯ ಹಿಂದೆ, ತಗಡಿನ ಚೌಕಟ್ಟಿಗೆ ಅಂಟಿಕೊಂಡು ಕುಳಿತ, ಬಟ್ಟಲಿನಷ್ಟು ಅಗಲದ ಒಂದು ಕಾಗದ ಆ ಕೆಲಸವನ್ನು ಮಾಡುತ್ತಿದೆ. ಮೊಬೈಲಿನ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುತ್ತಿರುವವರ ಮಟ್ಟಿಗೆ ಅದು ಕಾಗದವಲ್ಲ, ಪ್ಲಾಸ್ಟಿಕ್ಕಿನ ಒಂದು ಪೊರೆ. ಅವರ ವಿಚಾರವನ್ನು ಇನ್ನೊಂದು ದಿನಕ್ಕೆ ಬಿಡುತ್ತೇನೆ. ಇಂದು ನಾನು ಹೇಳಹೊರಟಿರುವುದು ಕಾಗದದ ವಿಚಾರ.

ಹಳೆಯ ರೇಡಿಯೋಗಳಿಂದಲೂ ರೇಡಿಯೋಗ್ರಾಮುಗಳಿಂದಲೂ ಕಳಚಿ ಬಂದ ಧ್ವನಿವರ್ಧಕಗಳನ್ನು, ಎಂದರೆ ಸ್ಪೀಕರುಗಳನ್ನು, ಮನೆಯಲ್ಲಿಯೇ ಬಿಚ್ಚಿ ಮತ್ತೆ ಮಾತು ಬರಿಸುವುದು ನನಗೆ ಬಹುಕಾಲದಿಂದ ಅಂಟಿಕೊಂಡಿರುವ ಹವ್ಯಾಸ. ಇವು ಬಹುಮಟ್ಟಿಗೆ ದೊರೆಯುವುದು ಗುಜರಿ ಅಂಗಡಿಗಳಲ್ಲಿ. ಗುಜರಿಯವನ ಲೆಕ್ಕದಲ್ಲಿ ಸ್ಪೀಕರು ಎಂದರೆ ಕಬ್ಬಿಣ, ಅಯಸ್ಕಾಂತ ಮತ್ತು ಒಂದಿಷ್ಟು ತಾಮ್ರ. ಕಾಗದಕ್ಕೆ ಅವನ ತಕ್ಕಡಿಯಲ್ಲಿ ಬೆಲೆಯಿಲ್ಲ. ಹರಿದು ಪಕ್ಕಕ್ಕೆ ಎಸೆಯುತ್ತಾನೆ. ಆದರೆ ಸ್ಪೀಕರಿನ ದನಿ ಇರುವುದು ಆ ಎಸೆದ ಭಾಗದಲ್ಲಿ. ಅಯಸ್ಕಾಂತವನ್ನು ಮತ್ತೊಂದು ತರಬಹುದು, ಸುರುಳಿಯನ್ನು ಹೊಸದಾಗಿ ಸುತ್ತಬಹುದು. ಐವತ್ತು ಅರವತ್ತು ವರ್ಷಗಳ ಹಿಂದೆ ಯಾವುದೋ ಕಾರ್ಖಾನೆಯ ತೊಟ್ಟಿಯಲ್ಲಿ ಯಾವುದೋ ನಾರಿನ ಪಾಕದಿಂದ ಎತ್ತಿದ ಕಾಗದವನ್ನು ಇನ್ನೊಮ್ಮೆ ಎತ್ತಲಾಗುವುದಿಲ್ಲ. ಈ ಹವ್ಯಾಸದ ಕಷ್ಟಸುಖಗಳೆಲ್ಲ ಇದೊಂದು ಸಂಗತಿಯಿಂದ ಹುಟ್ಟುತ್ತವೆ.

ಸ್ಪೀಕರು ಕೆಲಸ ಮಾಡುವ ಬಗೆ ಬಹಳ ಸರಳ. ಒಂದು ಅಯಸ್ಕಾಂತ, ಅದರ ಎರಡು ಧ್ರುವಗಳ ನಡುವೆ ಉಂಗುರದಾಕಾರದ ಒಂದು ಸಂದು. ಸಂದಿನ ಅಗಲ ಸುಮಾರು 1 ಮಿಲಿಮೀಟರ್. ಆ ಸಂದಿನಲ್ಲಿ ಎಲ್ಲಿಯೂ ತಾಗದಂತೆ ತೂಗುವ ತಂತಿಯ ಸುರುಳಿ. ಸುರುಳಿಯ ತುದಿಗೆ ಅಂಟಿಸಿದ ಶಂಕುವಿನಾಕಾರದ ಕಾಗದ. ಇದನ್ನು ರಿಪೇರಿಯವರು ಕೋನ್ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ವಿದ್ಯುತ್ತು ಸುರುಳಿಯಲ್ಲಿ ಹರಿದಂತೆಲ್ಲ ಸುರುಳಿ ಮುಂದಕ್ಕೂ ಹಿಂದಕ್ಕೂ ಅಲುಗುತ್ತದೆ, ಕೋನ್ ಅದರೊಡನೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಇಂಥ ಸುರುಳಿಯ ಕಲ್ಪನೆ ಹತ್ತೊಂಬತ್ತನೆಯ ಶತಮಾನದ್ದೇ. ಇಂಗ್ಲೆಂಡಿನ ಆಲಿವರ್ ಲಾಜ್ 1898ರಲ್ಲಿ ಅದಕ್ಕೆ ಹಕ್ಕುಪತ್ರ ಕೇಳಿದ್ದರು. ಅದು ಮನೆಮನೆಗೆ ಬರುವ ರೂಪವನ್ನು ಪಡೆದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು 1925ರಲ್ಲಿ ಪ್ರಕಟಿಸಿದ ಲೇಖನದಿಂದ. ಶತಮಾನವೊಂದು ಕಳೆದಿದೆ, ಕೇಳುಗರ ಯಂತ್ರಗಳೆಲ್ಲ ಬದಲಾದವು, ವಾಲ್ವು ಹೋಗಿ ಟ್ರಾನ್ಸಿಸ್ಟರು ಬಂತು, ಅದೂ ಹೋಗಿ ಬೆರಳುಗುರಿನಷ್ಟು ಚಿಪ್ಪು ಬಂತು. ಸ್ಪೀಕರು ಮಾತ್ರ ಅವರಿಬ್ಬರು ಬಿಟ್ಟಲ್ಲಿಯೇ ಬಹುಮಟ್ಟಿಗೆ ಇದೆ.

ಇಂದಿನ ಒಳ್ಳೆಯ ಸಂಗೀತ ಪೆಟ್ಟಿಗೆಗಳಲ್ಲಿ ಎರಡು ಮೂರು ಸ್ಪೀಕರುಗಳು ಕೆಲಸವನ್ನು ಹಂಚಿಕೊಳ್ಳುತ್ತವೆ: ತಗ್ಗು ಸ್ವರಕ್ಕೆ ದೊಡ್ಡದೊಂದು, ಮೇಲಿನ ಸ್ವರಕ್ಕೆ ಚಿಕ್ಕದೊಂದು. ಹಳೆಯ ರೇಡಿಯೋಗಳಲ್ಲಿ ಈ ಪಾಲುಪಾರಿಕತ್ತು ಇರಲಿಲ್ಲ. ಮೃದಂಗದ ಎಡಮುಖದ ನಾದವನ್ನೂ ಕಂಜೀರದ ಬಿಲ್ಲೆಗಳ ಕಿಲಿಕಿಲಿಯನ್ನೂ ಒಂದೇ ಕೋನ್ ನುಡಿಯಬೇಕು. ಫುಲ್‌ರೇಂಜ್ ಎಂದು ಹೆಸರಾದ ಇವನ್ನು ನಾನು ಏಕಕಂಠದ ಸ್ಪೀಕರು ಎನ್ನುತ್ತೇನೆ. ಲೆಕ್ಕ ಹಾಕಿ ನೋಡಿದರೆ ಇದು ಆಗದ ಕೆಲಸ. ಸೆಕೆಂಡಿಗೆ 50 ಸಲ ಕಂಪಿಸುವ ಸ್ವರದ ಅಲೆ ಗಾಳಿಯಲ್ಲಿ ಸುಮಾರು 7 ಮೀಟರು ಉದ್ದ; 10,000 ಸಲ ಕಂಪಿಸುವುದರ ಅಲೆ 3.4 ಸೆಂಟಿಮೀಟರು. ಒಂದಕ್ಕೆ ಕೋನ್ ಎಷ್ಟು ದೊಡ್ಡದಿದ್ದರೂ ಸಾಲದು, ಇನ್ನೊಂದಕ್ಕೆ ಎಷ್ಟು ಹಗುರವಿದ್ದರೂ ಸಾಲದು.

ಆದರೂ ಕೆಲಸ ನಡೆಯುತ್ತದೆ. ನಡೆಸುವುದು ಕಾಗದದ ಗುಣ. ಒಗೆದ ಸೀರೆಯನ್ನು ಹರವುವ ಮೊದಲು ಹೆಂಗಸರು ಝಾಡಿಸುವುದನ್ನು ನೋಡಿದ್ದೀರಿ. ನಿಧಾನವಾಗಿ ಬೀಸಿದರೆ ಇಡೀ ಸೀರೆ ಏಳುತ್ತದೆ, ಬೀಳುತ್ತದೆ. ಸರಕ್ಕನೆ ಕೊಡವಿದರೆ ಕೈಯ ಹತ್ತಿರದ ನಾಲ್ಕು ಮಡಿಕೆ ಮಾತ್ರ ನಡುಗುತ್ತದೆ, ಆಚೆಯ ಸೆರಗಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕೋನ್ ಕೂಡ ಹಾಗೆಯೇ. ತಗ್ಗು ಸ್ವರಕ್ಕೆ ಇಡೀ ಬಟ್ಟಲು ಒಂದಾಗಿ ಅಲುಗುತ್ತದೆ. ಸ್ವರ ಏರುತ್ತ ಹೋದಂತೆ ಅಂಚು ಹಿಂದೆ ಬಿದ್ದು, ನಡುವಿನ ಭಾಗವಷ್ಟೇ ನುಡಿಯುತ್ತದೆ. ಎಂದರೆ ದೊಡ್ಡ ಸ್ಪೀಕರೊಂದು ತಾನಾಗಿಯೇ ಚಿಕ್ಕ ಸ್ಪೀಕರಾಗುತ್ತದೆ. ಎಲ್ಲಿ ಬಾಗಬೇಕು, ಎಷ್ಟು ಬಾಗಬೇಕು ಎಂಬುದು ಕಾಗದದ ದಪ್ಪ, ನಾರು, ಬಾಗು, ಅದಕ್ಕೆ ಕುಡಿಸಿದ ಅಂಟು ಇವುಗಳ ಮೇಲೆ ನಿಂತಿದೆ. ಹಳೆಯ ತಯಾರಕರು ಇದನ್ನು ಅರ್ಧ ಲೆಕ್ಕದಿಂದ, ಅರ್ಧ ಕಿವಿಯಿಂದ ಸಾಧಿಸಿದರು. ಇಂಗ್ಲೆಂಡಿನ ಪಾಲ್ ವಾಯ್ಟ್ 1930ರ ದಶಕದಲ್ಲಿ ಇನ್ನೂ ಒಂದು ಹೆಜ್ಜೆ ಹೋಗಿ, ದೊಡ್ಡ ಕೋನಿನ ಒಳಗೆ ಅದೇ ಸುರುಳಿಗೆ ಅಂಟಿದ ಪುಟ್ಟ ಕೋನೊಂದನ್ನು ಇಟ್ಟರು. ಹೂವಿನೊಳಗೆ ಇನ್ನೊಂದು ಹೂವು ಅರಳಿದ ಹಾಗೆ. ಆಮೇಲೆ ಹಾಲೆಂಡಿನ ಫಿಲಿಪ್ಸಿನವರ 9710 ಎಂಬ 8 ಅಂಗುಲದ ಸ್ಪೀಕರಿನಲ್ಲಿಯೂ ಈ ಜೋಡಿಯೇ ಇತ್ತು. ಜಪಾನಿನಲ್ಲಿ ಮಿತ್ಸುಬಿಷಿಯವರು ಅಲ್ಲಿನ ಬಾನುಲಿ ಸಂಸ್ಥೆಯಾದ ಎನ್‌ಎಚ್‌ಕೆಯ ಜೊತೆ ಸೇರಿ ರೂಪಿಸಿದ ಡಯಾಟೋನ್ ಪಿ-610 ಒಂಟಿ ಕೋನಿನದು. ಅಗಲ 16 ಸೆಂಟಿಮೀಟರ್ ಅಷ್ಟೆ. ಮಾತು ಬಿತ್ತರಿಸುವವರೇ ಮಾತು ಕೇಳಿ ತೂಗಿನೋಡಲು ಅದನ್ನು ಇಟ್ಟುಕೊಂಡಿದ್ದರು. ಮನುಷ್ಯರ ದನಿ ನಡುಶ್ರೇಣಿಯದು. ಎರಡು ಮೂರು ಸ್ಪೀಕರುಗಳ ಪೆಟ್ಟಿಗೆಯಲ್ಲಿ ಆ ನಡುವಿನಲ್ಲಿಯೇ ಎಲ್ಲಿಯೋ ಒಂದು ಗಡಿರೇಖೆ ಬೀಳುತ್ತದೆ; ಏಕಕಂಠದಲ್ಲಿ ಗಡಿಯೇ ಇಲ್ಲ. ಈ ಹಳೆಯದರ ಮೇಲಿನ ಮೋಹಕ್ಕೆ ಇರುವ ಗಟ್ಟಿ ಕಾರಣ ಇದೊಂದೇ. ಉಳಿದ ಹೊಗಳಿಕೆಯನ್ನು ನಾನು ಅರ್ಧಕ್ಕಿಂತ ಹೆಚ್ಚು ನಂಬುವುದಿಲ್ಲ.

ಹಳೆಯ ಸ್ಪೀಕರು ಕೈಗೆ ಬಂದರೆ ಮೊದಲು ಮಾಡಬೇಕಾದುದು ಏನನ್ನೂ ಮಾಡದಿರುವುದು. ಬಿಚ್ಚುವುದಕ್ಕೆ ಮುಂಚೆ ಕೇಳಬೇಕು. ಒಂದೂವರೆ ವೋಲ್ಟಿನ ಟಾರ್ಚಿನ ಸೆಲ್ಲೊಂದನ್ನು ಅದರ ಎರಡು ತುದಿಗಳಿಗೆ ಕ್ಷಣಕಾಲ ಮುಟ್ಟಿಸಿದರೆ ಟಕ್ ಎಂದು ಕೋನ್ ನೆಗೆಯುತ್ತದೆ. ಸುರುಳಿ ಬದುಕಿದೆ ಎಂದಾಯಿತು. 8 ಓಮ್ ಎಂದು ಬರೆದ ಸ್ಪೀಕರಿಗೆ ಮೀಟರು ಹಿಡಿದರೆ 6 ಅಥವಾ 7 ತೋರಿಸಬೇಕು. ಅದು ದೋಷವಲ್ಲ, ಬರೆದ ಅಂಕಿ ಕಂಪಿಸುವ ವಿದ್ಯುತ್ತಿನದು, ಮೀಟರಿನ ಅಂಕಿ ಬರಿಯ ತಂತಿಯದು. ಆಮೇಲೆ ಸ್ಪೀಕರನ್ನು ಅಂಗಾತ ಮಲಗಿಸಿ, ಎರಡು ಹೆಬ್ಬೆರಳುಗಳನ್ನು ಕೋನಿನ ಎದುರುಬದುರು ಇಟ್ಟು, ಹಸುಗೂಸಿನ ನೆತ್ತಿ ಮುಟ್ಟುವಷ್ಟು ಮೆಲ್ಲಗೆ ಒತ್ತಿ ಕಿವಿಗೊಡಬೇಕು. ಸದ್ದಿಲ್ಲದಿದ್ದರೆ ಪುಣ್ಯ. ಕರಕರ ಎಂದರೆ ಸುರುಳಿ ಎಲ್ಲಿಯೋ ಉಜ್ಜುತ್ತಿದೆ: ಸಂದಿನಲ್ಲಿ ಕಬ್ಬಿಣದ ಪುಡಿ ಸೇರಿರಬಹುದು, ತುಕ್ಕು ಹಿಡಿದಿರಬಹುದು, ಇಲ್ಲವೆ ಕೋನ್ ವಯಸ್ಸಾಗಿ ಒಂದು ಕಡೆಗೆ ಜಗ್ಗಿರಬಹುದು.

ಅಯಸ್ಕಾಂತದ ವಿಚಾರದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯವುಗಳಲ್ಲಿ ಬಹುಪಾಲು ಆಲ್ನಿಕೋ ಎಂಬ ಮಿಶ್ರಲೋಹದವು. ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಇವುಗಳ ಮೊದಲಕ್ಷರಗಳು ಸೇರಿ ಆದ ಹೆಸರು. ಇದರ ಶಕ್ತಿ ತನ್ನ ಸುತ್ತಲಿನ ಕಬ್ಬಿಣದ ಕವಚದಲ್ಲಿ ಇರುವವರೆಗೆ ಮಾತ್ರ ಕ್ಷೇಮ. ಕುತೂಹಲಕ್ಕೆ ಕವಚ ಬಿಚ್ಚಿ ಅಯಸ್ಕಾಂತವನ್ನು ಹೊರತೆಗೆದರೆ ಆ ಗಳಿಗೆಯಲ್ಲಿಯೇ ಅದು ಕಸುವು ಕಳೆದುಕೊಳ್ಳುತ್ತದೆ. ಹಾಗೆಯೇ ಮರಳಿ ಜೋಡಿಸಿದರೂ ಹೋದ ಕಸುವು ಬಾರದು, ಮತ್ತೆ ಕಾಂತತ್ವ ತುಂಬುವ ಯಂತ್ರವೇ ಬೇಕು. 1978ರಲ್ಲಿ ಆಫ್ರಿಕದ ಜಾಯಿರ್ ದೇಶದ, ಇಂದಿನ ಕಾಂಗೋದ, ಶಾಬಾ ಪ್ರಾಂತದಲ್ಲಿ ಕಾಳಗ ನಡೆದು ಕೋಬಾಲ್ಟಿನ ಬೆಲೆ ಏರಿತು. ತಯಾರಕರು ಅಗ್ಗದ ಫೆರೈಟ್ ಅಯಸ್ಕಾಂತಕ್ಕೆ ವಲಸೆ ಹೋದರು. ಗಣಿಯೂರಿನ ಗುಂಡಿನ ಸದ್ದಿಗೆ ಎಲ್ಲಿಯೋ ದೂರದ ಮನೆಗಳ ಸ್ಪೀಕರಿನ ಹೊಟ್ಟೆ ಬದಲಾಯಿತು. ಅದಕ್ಕಿಂತಲೂ ಹಳೆಯ ರೇಡಿಯೋಗಳಲ್ಲಿ ಅಯಸ್ಕಾಂತವೇ ಇರುವುದಿಲ್ಲ, ಬದಲಿಗೆ ವಿದ್ಯುತ್ತಿನಿಂದ ಕಾಂತವಾಗುವ ದೊಡ್ಡ ಸುರುಳಿಯಿರುತ್ತದೆ. ಅದರಲ್ಲಿ ಇನ್ನೂರು ಮುನ್ನೂರು ವೋಲ್ಟು ಹರಿಯುವುದುಂಟು. ಹೊಸಬರು ಅದರ ತಂಟೆಗೆ ಹೋಗದಿರುವುದು ಮೇಲು.

ಇನ್ನು ಕಾಗದ. ಹರಿದ ಕೋನಿಗೆ ತೇಪೆ ಹಾಕುವುದು ಸುಲಭವೆಂದು ಮೊದಲು ಎಲ್ಲರಿಗೂ ಅನ್ನಿಸುತ್ತದೆ. ಬೀದಿಯ ರಿಪೇರಿ ಅಂಗಡಿಗಳಲ್ಲಿ ಗಟ್ಟಿ ಅಂಟನ್ನು ಬೆರಳಿನಿಂದ ಮೆತ್ತಿ, ಮೇಲೆ ಬಟ್ಟೆಯ ಚೂರೊಂದನ್ನು ಒತ್ತಿಬಿಡುತ್ತಾರೆ. ಸ್ಪೀಕರು ಹಾಡುತ್ತದೆ, ಗಿರಾಕಿ ಹಣ ಕೊಟ್ಟು ಹೋಗುತ್ತಾನೆ. ಆದರೆ 8 ಅಂಗುಲದ ಹಳೆಯ ಕೋನೊಂದು ಸುರುಳಿಯೂ ಸೇರಿ 8 ಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಒಂದು ಗ್ರಾಂ ಅಂಟು ಬಿದ್ದರೆ ಎಂಟರಲ್ಲಿ ಒಂದು ಪಾಲು ಭಾರ ಹೆಚ್ಚಿತು. ದನಿ ಸುಮಾರು ಒಂದು ಡೆಸಿಬಲ್ ತಗ್ಗುತ್ತದೆ. ಸ್ಪೀಕರಿಗೆ ತನ್ನದೇ ಆದ ಒಂದು ಸಹಜ ಕಂಪನವಿರುತ್ತದೆ. ಅದು 60 ಇದ್ದದ್ದು 57ರ ಸಮೀಪಕ್ಕೆ ಇಳಿಯುತ್ತದೆ. ಇದು ದೊಡ್ಡ ನಷ್ಟವಲ್ಲ ಎನ್ನಬಹುದು. ನಷ್ಟವಾಗುವುದು ಬೇರೆ ಕಡೆ: ಕಾಗದ ಬಾಗಬೇಕಾದ ಜಾಗದಲ್ಲಿ ಅಂಟು ಗಂಟಾಗಿ ಕುಳಿತು ಬಾಗಗೊಡುವುದಿಲ್ಲ, ಮೇಲಿನ ಸ್ವರಗಳು ಅಲ್ಲಿ ಎಡವುತ್ತವೆ. ಮೃದಂಗ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲಮುಖದ ಕರಣೆಯನ್ನು ಎಷ್ಟು ಹಚ್ಚಬೇಕು, ಎಡಮುಖಕ್ಕೆ ರವೆಯನ್ನು ಎಷ್ಟು ಮೆತ್ತಬೇಕು ಎಂಬುದರಲ್ಲಿ ಅಲ್ಲವೆ ಆ ವಾದ್ಯದ ಶ್ರುತಿಯೆಲ್ಲ ಇರುವುದು? ಸ್ಪೀಕರಿನ ಕೋನ್ ಕೂಡ ಒಂದು ಬಗೆಯ ಚರ್ಮವಾದ್ಯ. ಅದಕ್ಕೆ ಕರಣೆ ಹಚ್ಚಿದವನು ಕಾರ್ಖಾನೆಯವನು, ನಾವಲ್ಲ.

ಆದುದರಿಂದ ನನ್ನ ಮೇಜಿನ ಮೇಲೆ ಅಕ್ಕಸಾಲಿಗರ ತಕ್ಕಡಿಯೊಂದಿದೆ. ತೇಪೆಗೆ ಗಾಳಿಪಟದ ಕಾಗದದಂಥ ತೆಳುವಾದುದನ್ನೇ ಆರಿಸುತ್ತೇನೆ. ಕತ್ತರಿಯಿಂದ ಕತ್ತರಿಸದೆ, ಒದ್ದೆ ಕುಂಚದಿಂದ ಗೆರೆ ಎಳೆದು ಕೈಯಿಂದ ಹರಿಯುತ್ತೇನೆ. ಹಾಗೆ ಹರಿದರೆ ಅಂಚಿನ ನಾರುಗಳು ಹೊರಚಾಚಿ, ಹಳೆಯ ಕಾಗದದ ನಾರುಗಳೊಡನೆ ಹೆಣೆದುಕೊಳ್ಳುತ್ತವೆ. ಅಂಟು ಬಡಗಿಯವರ ಬಿಳಿ ಅಂಟು. ಅದಕ್ಕೆ ಸಮ ನೀರು. ಪುಸ್ತಕ ಕಟ್ಟುವವರ ಮೈದಾ ಸರಿ ಇದಕ್ಕಿಂತ ಹಗುರವೇ, ಆದರೆ ಅದು ಜಿರಳೆಗೂ ರುಚಿ. ಒಂದು ಪದರ ಹಚ್ಚಿ, ರಾತ್ರಿಯಿಡೀ ಒಣಗಿಸಿ, ಬೇಕೆನಿಸಿದರೆ ಮಾತ್ರ ಇನ್ನೊಂದು. ಹೆಚ್ಚಿನ ಸಲ ಬೇಕೆನಿಸುವುದಿಲ್ಲ.

ಕೋನಿನ ಅಂಚಿಗೆ, ಚೌಕಟ್ಟಿಗೆ ಅಂಟುವ ಕಡೆ, ಮೆತ್ತನೆಯ ಪಟ್ಟಿಯೊಂದು ಇರುತ್ತದೆ. ಹಳೆಯವುಗಳಲ್ಲಿ ಅದು ಕೋನಿನದೇ ಕಾಗದದ ನೆರಿಗೆ, ಅಥವಾ ಬಟ್ಟೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ 1932ರಲ್ಲಿ ವಾರ್ಫ್‌ಡೇಲ್ ಸಂಸ್ಥೆಯನ್ನು ತೆರೆದ ಗಿಲ್ಬರ್ಟ್ ಬ್ರಿಗ್ಸ್ ಮೊದಲು ಜವಳಿ ವ್ಯಾಪಾರದಲ್ಲಿದ್ದವರು. ಅವರ ಸ್ಪೀಕರುಗಳಲ್ಲಿ ಬಟ್ಟೆಯ ಅಂಚು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ಈ ಬ್ರಿಗ್ಸರು 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಸಭೆ ಸೇರಿಸಿ, ವಾದಕರ ನುಡಿಸಾಣಿಕೆಯನ್ನೂ ಅದರ ಮುದ್ರಣವನ್ನೂ ಅಕ್ಕಪಕ್ಕದಲ್ಲಿಯೇ ಕೇಳಿಸಿದ ಧೈರ್ಯಸ್ಥರು. ಬಟ್ಟೆ ಮತ್ತು ಕಾಗದದ ಅಂಚುಗಳು ಇಂದಿಗೂ ಬದುಕಿವೆ. ಆಮೇಲೆ ಬಂದ ಸ್ಪಂಜಿನ ಅಂಚಿನ ಆಯುಸ್ಸು ಕಡಿಮೆ. ಗಾಳಿಯ ತೇವವೂ ಬೆಳಕೂ ಅದನ್ನು ಒಳಗಿಂದಲೇ ಮುರಿಯುತ್ತವೆ. ಹದಿನೈದು ಇಪ್ಪತ್ತು ವರ್ಷಗಳಲ್ಲಿ ಬೆರಳಿಟ್ಟರೆ ಹಳೆಯ ಬೆಲ್ಲದಂತೆ ಅಂಟಂಟಾಗಿ ಉದುರುತ್ತದೆ. ಮಂಗಳೂರು ಉಡುಪಿಗಳ ಕಡಲ ಹವೆಯಲ್ಲಿ ಇನ್ನೂ ಬೇಗ. ಅದನ್ನು ಪೂರ್ತಿ ಕೆರೆದು ಹೊಸ ಪಟ್ಟಿ ಕೂರಿಸಬೇಕು. ಕೆರೆಯುವಾಗ ಕಾಗದ ಕೀಳದಂತೆ ನೋಡಿಕೊಳ್ಳುವುದೊಂದೇ ಅದರಲ್ಲಿನ ವಿದ್ಯೆ.

ನಿಜವಾದ ತಾಳ್ಮೆ ಬೇಕಾದುದು ಉಜ್ಜುವ ಸುರುಳಿಯನ್ನು ನಡುವಿಗೆ ತರುವಲ್ಲಿ. ಕೋನಿನ ಕೊರಳಿನಲ್ಲಿ, ಸುರುಳಿಯನ್ನು ಹಿಡಿದು ನಿಲ್ಲಿಸುವ ನೆರಿಗೆಬಟ್ಟೆಯೊಂದಿದೆ. ಮೊದಮೊದಲು ಅದನ್ನು ಜೇಡರಹುಳುವಿನ ಕಾಲುಗಳಂತೆ ಕತ್ತರಿಸುತ್ತಿದ್ದುದರಿಂದ ಇಂದಿಗೂ ಅದರ ಹೆಸರು ಸ್ಪೈಡರ್. ಕೋನಿನ ನಡುವಿನ ಪುಟ್ಟ ಟೊಪ್ಪಿಗೆಯನ್ನು ನಾಲ್ಕು ಹನಿ ಥಿನ್ನರಿನಿಂದ ನೆನೆಸಿ ಎಬ್ಬಿಸಿದರೆ ಸಂದು ಕಾಣುತ್ತದೆ. ಅಂಟುಪಟ್ಟಿಯನ್ನು ಹಿಮ್ಮಗ್ಗುಲಾಗಿ ಕಡ್ಡಿಗೆ ಸುತ್ತಿ ಸಂದಿನಲ್ಲಿ ಇಳಿಸಿ ತೆಗೆದರೆ ಹಳೆಯ ಕಬ್ಬಿಣದ ಪುಡಿ ಅಂಟಿಕೊಂಡು ಬರುತ್ತದೆ. ಊದಿ ತೆಗೆಯುತ್ತೇನೆ ಎನ್ನುವುದು ವ್ಯರ್ಥ, ಅಯಸ್ಕಾಂತ ಬಿಟ್ಟುಕೊಡುವುದಿಲ್ಲ. ಬಳಿಕ ಹಳೆಯ ಎಕ್ಸ್‌ರೇ ಫಿಲ್ಮಿನ ನಾಲ್ಕು ಪಟ್ಟಿಗಳನ್ನು ಕತ್ತರಿಸಿ, ಸುರುಳಿಗೂ ನಡುಗಂಬಕ್ಕೂ ನಡುವೆ ನಾಲ್ಕು ದಿಕ್ಕಿನಲ್ಲಿ ಇಳಿಸಬೇಕು. ಅಲ್ಲಿರುವ ಎಡೆ ಒಂದು ಅಂಚೆಕಾರ್ಡಿನ ದಪ್ಪವೂ ಇರದು. ಪಟ್ಟಿಗಳು ಸುರುಳಿಯನ್ನು ತಾವಾಗಿಯೇ ನಡುವಿಗೆ ತಂದು ನಿಲ್ಲಿಸುತ್ತವೆ. ಹಾಗೆ ನಿಂತಿರುವಾಗ ಸ್ಪೈಡರಿನ ಹಳೆಯ ಅಂಟನ್ನು ಕರಗಿಸಿ, ಅದು ತನ್ನ ಪಾಡಿಗೆ ಹೊಸ ಜಾಗ ಹಿಡಿಯುವವರೆಗೆ ಕಾದು, ಮತ್ತೆ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಯಾರದೋ ಹಿಂದಿನ ನೋವಿನ ಎಲುಬಿನ ಚಿತ್ರವೊಂದು ಇಲ್ಲಿ ಉಪಕಾರಕ್ಕೆ ಬರುವುದು ವಿಚಿತ್ರವೆನಿಸುತ್ತದೆ.

ಸುರುಳಿಗೆ ವಿದ್ಯುತ್ತನ್ನು ಒಯ್ಯುವ ಮೆದು ತಂತಿ ಮುರಿದಿರುವುದೂ ಉಂಟು. ಅದು ಸಾಮಾನ್ಯ ತಂತಿಯಲ್ಲ. ಹತ್ತಿಯ ದಾರಕ್ಕೆ ತಾಮ್ರದ ತೆಳುಹಾಳೆಯನ್ನು ಸುತ್ತಿ ಮಾಡಿದ್ದು. ರೇಷ್ಮೆ ಸೀರೆಯ ಜರಿಯೆಳೆಯ ಹಾಗೆಯೇ. ಲಕ್ಷಾಂತರ ಸಲ ಬಾಗಿದರೂ ಮುರಿಯಬಾರದೆಂದು ಈ ಏರ್ಪಾಡು. ಬೆಸುಗೆ ಹಾಕುವಾಗ ಸೀಸ ದಾರದೊಳಕ್ಕೆ ಏರಿಹೋದರೆ ಆ ಭಾಗ ಗಟ್ಟಿಯಾಗಿ ಕೆಲದಿನಗಳಲ್ಲಿಯೇ ತುಂಡಾಗುತ್ತದೆ.

ನಮ್ಮ ಬೀದಿಯ ನಿವೃತ್ತ ಶಿಕ್ಷಕಿಯೊಬ್ಬರು ಒಮ್ಮೆ ತಮ್ಮ ಯಜಮಾನರ ಕಾಲದ ವಾಲ್ವ್ ರೇಡಿಯೋವನ್ನು ಆಟೋದಲ್ಲಿ ಇಟ್ಟುಕೊಂಡು ಬಂದರು. ಯಂತ್ರ ಸರಿಯಾಗಿತ್ತು. ಸ್ಪೀಕರಿನ ಕೋನಿನಲ್ಲಿ ಮೂರನೆಯ ಒಂದು ಭಾಗವನ್ನು ಇಲಿ ತಿಂದಿತ್ತು. ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಆ ಅಳತೆಯ ಸಿದ್ಧ ಕೋನ್ ಸಿಗುತ್ತದೆ. ಹಾಕಿಬಿಟ್ಟರೆ ಎರಡು ದಿನದ ಕೆಲಸ. ಆದರೆ ಅದರ ಕಾಗದ ದಪ್ಪ, ಭಾರವೂ ಹೆಚ್ಚು, ಅಂಚೂ ಬೇರೆ. ಸ್ಪೀಕರು ನುಡಿಯುತ್ತದೆ, ಆದರೆ ಬೇರೊಬ್ಬರ ದನಿಯಲ್ಲಿ. ನಾನು ಅವರಿಗೆ ಇದನ್ನು ಹೇಳಿದೆ.

“ನೋಡಪ್ಪ, ನಂಗೆ ಈ ಅಂಟು ಕಾಗದ ಎಲ್ಲ ಗೊತ್ತಾಗಲ್ಲ. ಬೆಳಿಗ್ಗೆ ವಾರ್ತೆ ಓದೋರ ದನಿ ಈ ಪೆಟ್ಟಿಗೇಲಿ ಹೇಗೆ ಬರ್ತಿತ್ತೋ ಹಾಗೆ ಬರಬೇಕು” ಎಂದರು.

“ಅಮ್ಮಾ, ಹಳೇ ಕಾಗದಾನೇ ಉಳಿಸಿಕೊಂಡು ತೇಪೆ ಹಾಕಬಹುದು. ಆದರೆ ಜೋರಾಗಿ ಇಟ್ಟರೆ ಗರಗರ ಅನ್ನುತ್ತೆ, ಎಷ್ಟು ದಿನ ಬಾಳುತ್ತೋ ಹೇಳಲಾರೆ.”

“ಜೋರಾಗಿ ಯಾರು ಇಡ್ತಾರೆ? ಮನೇಲಿ ಇರೋಳು ನಾನೊಬ್ಬಳೇ.”

ಅದೇ ಕಾಲದ, ಸುರುಳಿ ಸುಟ್ಟುಹೋದ ಇನ್ನೊಂದು ಸ್ಪೀಕರಿನ ಕೋನ್ ನನ್ನಲ್ಲಿತ್ತು. ಇಲಿ ತಿಂದ ಆಕಾರಕ್ಕೆ ಸರಿಯಾಗಿ ಅದರಿಂದ ತುಂಡು ಹರಿದು, ಅಂಚಿಗೆ ಅಂಚು ಕೂಡಿಸಿ, ಹಿಂದಿನಿಂದ ತೆಳುಕಾಗದದ ಪಟ್ಟಿ ಕೊಟ್ಟು ನಿಲ್ಲಿಸಲು ಮೂರು ವಾರ ಹಿಡಿಯಿತು. ಒಟ್ಟು ಸೇರಿದ ಭಾರ ಅರ್ಧ ಗ್ರಾಮಿಗಿಂತ ಕಡಿಮೆ. ಅವರು ಬಂದು ಕುಳಿತು ಬಹಳ ಹೊತ್ತು ಕೇಳಿದರು. ಪ್ರದೇಶ ಸಮಾಚಾರ ಮುಗಿದು ಕೃಷಿರಂಗ ಬಂತು, ಎದ್ದೇಳಲಿಲ್ಲ. ಕಡೆಗೆ ದನಿಯ ಗುಂಡಿಯ ಮೇಲೆ, ಗರಗರ ಶುರುವಾಗುವ ಜಾಗಕ್ಕಿಂತ ತುಸು ಹಿಂದೆ, ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯಲು ನನಗೆ ಹೇಳಿದರು. ಉಳಿದ ಕಾಗದದ ಚೂರುಗಳನ್ನು, ಅಕ್ಕಸಾಲಿಗನಿಂದ ಚಿನ್ನದ ಅರವನ್ನು ಲೆಕ್ಕ ಕೇಳಿ ಪಡೆಯುವವರಂತೆ, ಪೊಟ್ಟಣ ಕಟ್ಟಿಸಿಕೊಂಡು ಹೋದರು.

ಎಂಜಿನಿಯರಾದ ನನ್ನ ಸ್ನೇಹಿತರೊಬ್ಬರು ಈ ಪ್ರಸಂಗ ಕೇಳಿ, “ಅದು ಕಾಗದದ ಕೆಲಸವಲ್ಲ, ನೆನಪಿನ ಕೆಲಸ, ಹೊಸ ಕೋನ್ ಹಾಕಿ ಹಳೆಯದೇ ಎಂದು ಹೇಳಿದ್ದರೂ ಅವರು ಇಷ್ಟೇ ಹೊತ್ತು ಕೂರುತ್ತಿದ್ದರು” ಎಂದರು. ಈ ಆಕ್ಷೇಪಣೆಯನ್ನು ತಳ್ಳಿಹಾಕುವ ಹಾಗಿಲ್ಲ. ಕಿವಿಯಂಥ ಸುಳ್ಳುಗಾರ ಇನ್ನೊಬ್ಬನಿಲ್ಲ. ಖರ್ಚು ಮಾಡಿದ ಹಣವನ್ನೂ ಪಟ್ಟ ಶ್ರಮವನ್ನೂ ಅದು ಸ್ವರವೆಂದೇ ಕೇಳುತ್ತದೆ. ಆದುದರಿಂದ ಬಿಚ್ಚುವ ಮೊದಲೂ ಜೋಡಿಸಿದ ಮೇಲೂ ಅಳೆದು ಬರೆದಿಡುವುದು ನನ್ನ ಕ್ರಮ. ಸ್ಪೀಕರಿನ ಜೊತೆಗೆ ಸಾಲಾಗಿ ನೂರಾರು ಓಮಿನ ಒಂದು ರೋಧಕವನ್ನಿಟ್ಟು, ಸ್ವರಜನಕದಿಂದ 20ರಿಂದ ಮೇಲಕ್ಕೆ ನಿಧಾನವಾಗಿ ಸ್ವರ ಏರಿಸುತ್ತ, ಸ್ಪೀಕರಿನ ತುದಿಗಳಲ್ಲಿ ಮೀಟರು ಹಿಡಿದರೆ ಒಂದು ಕಡೆ ಮುಳ್ಳು ಏರಿ ಇಳಿಯುತ್ತದೆ. ಅದೇ ಅದರ ಸಹಜ ಕಂಪನ. ಬಳಿಕ ಒಂದೇ ಜಾಗದಲ್ಲಿ ಮೈಕ್ ಇಟ್ಟು ಮೇಲಿನ ಸ್ವರಗಳ ಏರಿಳಿತವನ್ನೂ ಗುರುತು ಮಾಡುತ್ತೇನೆ. ಇಲಿ ತಿಂದ ಸ್ಪೀಕರಿಗೆ ‘ಮೊದಲು’ ಎಂಬುದೇ ಇರಲಿಲ್ಲವಾದುದರಿಂದ ಅಲ್ಲಿ ಸ್ನೇಹಿತರ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಿದ್ಧ ಕೋನ್ ಹಾಕಿದ ಅದೇ ಜಾತಿಯ ಸ್ಪೀಕರೊಂದು ನನ್ನಲ್ಲಿದೆ. ಅದರ ಗೆರೆಯೂ ಇದರ ಗೆರೆಯೂ ಎರಡು ಸಾವಿರದ ಮೇಲೆ ಒಂದನ್ನೊಂದು ಹೋಲುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಹೊಸದನ್ನು ಹಳೆಯದೆಂದು ಹೇಳಿ ಕೊಡುವುದು ಬೇರೆಯ ಪ್ರಶ್ನೆ. ಅದಕ್ಕೆ ಮೀಟರು ಬೇಡ.

ಇಲ್ಲಿಗೆ ದುರಸ್ತಿಯ ಮಾತಾಯಿತು. ಹಳೆಯದನ್ನು ಉಳಿಸುವುದಷ್ಟೇ ಅಲ್ಲ, ಅದನ್ನು ತಿದ್ದಿ ಮೊದಲಿಗಿಂತ ಉತ್ತಮಪಡಿಸುತ್ತೇವೆ ಎನ್ನುವ ಉತ್ಸಾಹಿಗಳೂ ಇದ್ದಾರೆ. ನಾನೂ ಆಗಾಗ ಆ ಪಂಗಡಕ್ಕೆ ಸೇರುತ್ತೇನೆ. ಹಾಗೆ ತಿದ್ದುವುದಕ್ಕೆ ಕಾರಣವೂ ಉಂಟು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ ಕಾಲದಿಂದ ಬಹುಕಾಲದವರೆಗೆ ನಮ್ಮ ಮನೆಗಳಿಗೆ ಬಂದದ್ದು ಮಧ್ಯಮ ತರಂಗದ ಪ್ರಸಾರ. ಅದರಲ್ಲಿ ಸೆಕೆಂಡಿಗೆ ಸುಮಾರು 5,000 ಕಂಪನಗಳ ಮೇಲಿನದು ಕೇಳುಗರಿಗೆ ತಲುಪುತ್ತಲೇ ಇರಲಿಲ್ಲ. ರೇಡಿಯೋ ಸ್ಪೀಕರುಗಳನ್ನು ಆ ಮಿತಿಗೇ ಹೊಲಿದಿದ್ದರು. ಇಂದಿನ ಮುದ್ರಣಗಳಲ್ಲಿ ತಂಬೂರಿಯ ಜೀವಾಳದ ಝೇಂಕಾರ ಅದಕ್ಕೂ ಎಷ್ಟೋ ಮೇಲಕ್ಕೆ ಹೋಗುತ್ತದೆ.

ತಿದ್ದುವ ದಾರಿಗಳಲ್ಲಿ ನನಗೆ ಮೆಚ್ಚುಗೆಯಾದುದು ಒಂದು. ಕೋನಿನ ನಡುವಿನ ಟೊಪ್ಪಿಗೆಯನ್ನು ತೆಗೆದು, ಒಳಗಿನ ಕಂಬದ ನೆತ್ತಿಯ ಮೇಲೆ ಬುಗುರಿಯ ಆಕಾರದ ಮರದ ತುಂಡೊಂದನ್ನು ಕೂರಿಸುವುದು. ಬುಗುರಿ ಅಲುಗುವುದಿಲ್ಲ, ಅದರ ಸುತ್ತ ಕೋನ್ ಅಲುಗುತ್ತದೆ. ನಡುವಿನ ಕುಳಿಯಲ್ಲಿ ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದು ಇದರಿಂದ ತಗ್ಗಿ, ಮೇಲಿನ ಸ್ವರಗಳು ತಿಳಿಯಾಗುತ್ತವೆ. ಟೊಪ್ಪಿಗೆಯ ಭಾರವೂ ಉಳಿಯುತ್ತದೆ. ನನ್ನ ಬುಗುರಿಗಳನ್ನು ಕಡೆದುಕೊಟ್ಟವರು ಚನ್ನಪಟ್ಟಣದ ಗೊಂಬೆ ಕೆಲಸದವರು. ಸ್ಪೀಕರಿಗೆ ಎಂದರೆ ಅವರು ನಕ್ಕರು. ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯಬಹುದು: ಬುಗುರಿ ತೆಗೆದು, ಎತ್ತಿಟ್ಟ ಟೊಪ್ಪಿಗೆಯನ್ನು ಮತ್ತೆ ಅಂಟಿಸಿದರೆ ಸ್ಪೀಕರು ಮೊದಲಿನಂತೆ.

ಅರಗಿನ ವಿಚಾರ ಹಾಗಲ್ಲ. ಗೊಂಬೆಗೆ ಬಣ್ಣ ಹಿಡಿಸುವ, ಹಳೆಯ ಗ್ರಾಮಫೋನ್ ತಟ್ಟೆಗಳಿಗೆ ಮೈಯಾಗಿದ್ದ ಆ ಅರಗನ್ನೇ ಸ್ಪಿರಿಟ್ಟಿನಲ್ಲಿ ಕರಗಿಸಿ ಕೋನಿಗೆ ಬಳಿಯುವವರಿದ್ದಾರೆ. ಕಾಗದ ಗಡುಸಾಗುತ್ತದೆ, ದನಿಗೆ ಹೊಳಪು ಬರುತ್ತದೆ. ಮೊದಲ ದಿನ ಕೇಳಿದವರು ತಲೆದೂಗುತ್ತಾರೆ. ವಾರ ಕಳೆದರೆ ‘ಸ’ಕಾರ ‘ಶ’ಕಾರಗಳೆಲ್ಲ ಸೂಜಿಯಂತೆ ಚುಚ್ಚತೊಡಗುತ್ತವೆ. ಕಾಗದ ಕುಡಿದ ಅರಗನ್ನು ಹೊರತೆಗೆಯುವ ಉಪಾಯವಿಲ್ಲ. ಒಳಗಿನ ಪುಟ್ಟ ಕೋನಿನ ಅಂಚು ಮೆತ್ತಗಾಗಿ ನಡುಗುತ್ತಿದ್ದರೆ ಅಲ್ಲಿಗೆ ಒಂದು ತೆಳು ಲೇಪ, ಅಷ್ಟನ್ನು ಮಾತ್ರ ನಾನು ಒಪ್ಪುತ್ತೇನೆ.

ಸ್ಪೀಕರನ್ನು ತಿದ್ದುವುದಕ್ಕಿಂತ ಅದರ ಮನೆಯನ್ನು ತಿದ್ದುವುದು ಹೆಚ್ಚು ಫಲಕಾರಿ. ಕೋನ್ ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಎರಡೂ ಕೂಡಿಕೊಂಡರೆ ತಗ್ಗು ಸ್ವರ ಪರಸ್ಪರ ಕಳೆದುಹೋಗುತ್ತದೆ. ಬರಿಯ ಹಲಗೆಗೆ ಸ್ಪೀಕರು ಕೂರಿಸಿ 100 ಕಂಪನದ ಸ್ವರವನ್ನು ಉಳಿಸಿಕೊಳ್ಳಬೇಕಾದರೆ ಹಲಗೆಯ ಅಗಲ ಸುಮಾರು 1.7 ಮೀಟರು ಬೇಕಾದೀತು; ಬಾಡಿಗೆ ಮನೆಯಲ್ಲಿ ಅದಕ್ಕೆ ಜಾಗವೆಲ್ಲಿ? ಬ್ರಿಗ್ಸರು ಎರಡು ಹಲಗೆಗಳ ನಡುವೆ ಮರಳು ತುಂಬಿ ಅದರ ನಡುಕವನ್ನು ನಿಲ್ಲಿಸುತ್ತಿದ್ದರು. ನಮ್ಮ ಹಳ್ಳಿಗಳ ಯುವಕರು ಟೇಪ್‌ರೆಕಾರ್ಡರಿನ ಕಾಲದಲ್ಲಿ ಇದಕ್ಕಿಂತ ಅಗ್ಗದ ಉಪಾಯವೊಂದನ್ನು ಕಂಡುಕೊಂಡಿದ್ದರು: ಮಣ್ಣಿನ ಮಡಕೆಯ ಬಾಯಿಗೆ ಸ್ಪೀಕರು ಕೂರಿಸಿ ಮೂಲೆಯಲ್ಲಿಡುವುದು. ಪೇಟೆಯವರು ಅದನ್ನು ಕಂಡು ನಗುತ್ತಿದ್ದರು. ಆದರೆ ಮಡಕೆಗೆ ಎದುರುಬದುರಾದ ಗೋಡೆಗಳಿಲ್ಲ, ಮೈ ಗಡುಸು, ಹಿಂದಿನ ಗಾಳಿ ಮುಂದಕ್ಕೆ ಬರುವ ದಾರಿಯೂ ಇಲ್ಲ. ಶಾಸ್ತ್ರದ ಪ್ರಕಾರ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಮಡಕೆಯ ಸ್ವಂತ ಗುಂಕಾರವೊಂದು ಸೇರಿಕೊಳ್ಳುತ್ತದೆ, ನಿಜ. ಹಳೆಯ ಕಂಬಳಿಯ ತುಂಡೊಂದನ್ನು ಒಳಗೆ ಸಡಿಲವಾಗಿ ತುಂಬಿದರೆ ಅದೂ ಸಾಕಷ್ಟು ಅಡಗುತ್ತದೆ.

ಕೊನೆಯದಾಗಿ ಒಂದು ಚಿಕ್ಕ ಕೆಲಸ. ಸ್ಪೀಕರು ನಿಂತುಕೊಂಡೇ ಇರುತ್ತದಾದ್ದರಿಂದ ವರ್ಷಗಳ ಮೇಲೆ ಕೋನ್ ತನ್ನ ಭಾರಕ್ಕೆ ತಾನೇ ಕೆಳಕ್ಕೆ ಜಗ್ಗುತ್ತದೆ. ಮೂರು ನಾಲ್ಕು ವರ್ಷಗಳಿಗೊಮ್ಮೆ ತಿರುಪುಗಳನ್ನು ಬಿಚ್ಚಿ, ಮೇಲಿದ್ದುದು ಕೆಳಗಾಗುವಂತೆ ಅದನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿಯಬೇಕು. ತಿರುಗಿಸಿದ ತಾರೀಕನ್ನು, ಹಾಕಿದ ತೇಪೆಯ ತೂಕವನ್ನು, ಆ ದಿನ ಅಳೆದ ಕಂಪನದ ಅಂಕಿಯನ್ನು ಕಾಗದದ ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಿಡಿ. ಕೋನಿನ ಮೇಲೆ ಬರೆಯಬೇಡಿ. ಶಾಯಿಗೂ ಭಾರವಿದೆ ಎಂದಲ್ಲ, ಬರೆಯುವಾಗ ಕೈಯೊತ್ತಿ ಹರಿದೀತು.